ನಮ್ಮ ಗೇಟಿನ ಚಿಲಕದ ಮೇಲೆ ಎಪ್ಪತ್ತೆಂಟು ದಿನ ಮಲಗಿದ್ದ ಚಿಟ್ಟೆಯವರಿಗೆ

ಮಾನ್ಯ ನಿಂಬೆಚಿಟ್ಟೆಯವರೇ,

ಹಲಸೂರಿನ ನಿವಾಸಿಯೂ ಬಸ್ ಡಿಪೋದ ನಿವೃತ್ತ ಟೈಮ್‌ಕೀಪರನೂ ಆದ ಪಿಳ್ಳಪ್ಪನ ಸಾದರ ವಂದನೆಗಳು. ರೆಕ್ಕೆ ಬಂದ ಮೇಲೆ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ವಿಳಾಸ ಕೊಡದೆ ಹಾರಿಹೋದ ಕಾರಣ ಈ ದೂರನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ.

ಡಿಸೆಂಬರ್ ಹದಿನಾಲ್ಕರಂದು, ಆಗಿನ್ನೂ ಹಸಿರು ಹುಳುವಾಗಿದ್ದ ತಾವು ನಮ್ಮ ಕರಿಬೇವಿನ ಗಿಡವನ್ನು ತೃಪ್ತಿಯಾಗಿ ತಿಂದು ಮುಗಿಸಿ, ಇಡೀ ಬೆಂಗಳೂರಿನಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ನಮ್ಮ ಮನೆಗಿರುವ ಒಂದೇ ಗೇಟಿನ ಚಿಲಕಕ್ಕೆ ನೂಲು ಬಿಗಿದು, ಗೂಡು ಮಾಡಿಕೊಂಡು ಮಲಗಿಬಿಟ್ಟಿರಿ. ಚಿಲಕ ಎಳೆಯಲು ಹೋದ ನನ್ನ ಕೈಯನ್ನು ಮೊಮ್ಮಗಳು ನಿಖಿತಾ ಹಿಡಿದುಕೊಂಡಳು.

"ತಾತ, ಮುಟ್ಬೇಡ. ಚಳಿಗೆ ಮಲ್ಗಿದೆ. ಬಿಸ್ಲು ಜಾಸ್ತಿ ಆದ್ಮೇಲೆ ತಾನೇ ಏಳತ್ತೆ. ಕಿತ್ರೆ ಸತ್ತೋಗತ್ತೆ."

ಮೂವತ್ತೆರಡು ವರ್ಷ ಬಸ್ಸುಗಳ ಒಂದೊಂದು ನಿಮಿಷದ ತಡಕ್ಕೂ ವಿವರಣೆ ಕೇಳಿದ ನಾನು, ಯಾವತ್ತು ಏಳುತ್ತದೆಂದು ಕೇಳಿದೆ. ಅದಕ್ಕೇ ಗೊತ್ತು ಎಂದಳು. ಹೆಂಡತಿ ಮುನಿಶಾಮಮ್ಮ ಮಗುವಿನ ಕಡೆ ಸೇರಿಕೊಂಡು, ಹಾಲು ತರಕಾರಿಗಳನ್ನು ಗೇಟಿನ ಕಂಬಿಗಳ ಸಂದಿಯಲ್ಲೇ ತೆಗೆದುಕೊಳ್ಳತೊಡಗಿದಳು. ನಿಖಿತಾ ಅದೇ ಸಂದಿಯಲ್ಲಿ ತೂರಿ ಶಾಲೆಗೆ ಹೋದಳು. ನನ್ನ ಹೊಟ್ಟೆ ಆ ಸಂದಿಗೆ ಒಪ್ಪಲಿಲ್ಲ.

ಆದ್ದರಿಂದ ಪಕ್ಕದ ಮನೆಯ ಗೇಟಿನಿಂದ ಬೀದಿಗೆ ಹೋಗೋಣವೆಂದು ಅವರ ಕಾಂಪೌಂಡ್ ಗೋಡೆ ಹತ್ತಿದೆ. ಅದು ಶಿವಾಜಿನಗರದಲ್ಲಿ ಬೆಲ್ಟಿನ ಅಂಗಡಿ ಇಟ್ಟಿರುವ ಶಫಿಯವರ ಮನೆ. ಅವರ ನೀರಿನ ಟ್ಯಾಂಕು ತುಂಬಿ ನಮ್ಮ ಅಂಗಳಕ್ಕೆ ಸುರಿದ ಕಾರಣಕ್ಕೆ ನಾವಿಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟವರು. ಗೋಡೆಯ ಮೇಲಿನ ಕಬ್ಬಿಣದ ಮೊನೆಗೆ ಪಂಚೆ ಸಿಕ್ಕಿ ನಾನು ನೇತಾಡುತ್ತಿದ್ದಾಗ ಅವರು ಹೊರಗೆ ಬಂದರು. ಗೇಟಿನ ಸುದ್ದಿ ಆಗಲೇ ಗಲ್ಲಿಗೆಲ್ಲ ಹಬ್ಬಿತ್ತು.

"ಪಿಳ್ಳಪ್ಪೋರೇ, ಇಳೀತೀರೋ, ಇಲ್ಲ ನೀವೂ ಅಲ್ಲೇ ಗೂಡು ಕಟ್ತೀರೋ?" ಎಂದು ಕೇಳಿ, ಸ್ಟೂಲು ತಂದು ಇಳಿಸಿಕೊಂಡರು.

ಮಾರನೆಯ ದಿನದಿಂದ ಗೋಡೆಯ ಎರಡೂ ಕಡೆ ಒಂದೊಂದು ಸ್ಟೂಲು ಬಂತು. ಅವರ ತಾಯಿ ಇಮಾಮ್ ಬೀ, "ನಮ್ ಮನೆ ಮೇಲಿಂದ ಹೋಗೋರು ಚಾ ಕುಡೀದೆ ಹೋಗಂಗಿಲ್ಲ" ಎಂದು ಕಾನೂನು ಮಾಡಿದರು. ತಮ್ಮ ಗಾಢನಿದ್ರೆಯ ದೆಸೆಯಿಂದ ನಾನು ಆ ಶಿಕ್ಷೆಯನ್ನು ದಿನವೂ, ಕೆಲವು ದಿನ ಎರಡೆರಡು ಸಲ, ಬಿಸ್ಕತ್ತಿನ ಸಮೇತ ಅನುಭವಿಸಿದೆ. ಟ್ಯಾಂಕಿನ ವಿಷಯ ಎತ್ತಲೇಬೇಕೆಂದು ಹೋಗುತ್ತಿದ್ದೆ. ಶಫಿಯವರು ತಮ್ಮ ಗಿರಾಕಿಗಳ ಕಥೆ ಶುರು ಮಾಡಿದರೆ ಮರೆತು ನಗುತ್ತಿದ್ದೆ.

ಮಾರ್ಚ್ ಎರಡರಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಎರಡೂ ಮನೆಯವರು ನೋಡುತ್ತಿರಲು, ತಾವು ಗೂಡು ಸೀಳಿ, ಹಿಂಡಿದ ಬಟ್ಟೆಯಂತೆ ಮುದುಡಿದ್ದ ರೆಕ್ಕೆಗಳನ್ನು ಎಳೆದುಕೊಂಡು ಹೊರಬಂದಿರಿ. ಅವನ್ನು ಒಣಗಿಸಿಕೊಂಡು, ಕಪ್ಪು ಹಳದಿ ಚುಕ್ಕೆಗಳನ್ನು ಒಮ್ಮೆ ಬಿಚ್ಚಿ ತೋರಿಸಿ, ಒಂದು ಮಾತೂ ಹೇಳದೆ ಹೊರಟೇಹೋದಿರಿ. ಇಮಾಮ್ ಬೀ ಕಣ್ಣೊರೆಸಿಕೊಂಡರು. ನಾನು ಬಹಳ ಹೊತ್ತು ಕನ್ನಡಕ ಒರೆಸಿದೆ.

ಆಮೇಲೆ ಗೇಟು ತೆರೆಯಿತು, ಶಫಿಯವರು ಸ್ಟೂಲು ಒಳಗಿಟ್ಟರು. ನಾನು ಮರ್ಯಾದಸ್ಥನಂತೆ ಗೇಟಿನಿಂದ ಹೋಗಿ ಗೇಟಿನಿಂದ ಬಂದೆ. ಮೂರು ದಿನವಾಯಿತು, ಚಾ ಇಲ್ಲ. ಗೇಟು ಇರುವವನು ಯಾವ ಮುಖ ಇಟ್ಟುಕೊಂಡು ಗೋಡೆ ಹತ್ತಬೇಕು? ನನ್ನ ನಿಜವಾದ ದೂರು ಇದೇ: ತಾವು ಎದ್ದಿರಿ.

ಆದಕಾರಣ, ಬೆಂಗಳೂರಿನ ಚಳಿಗಾಲವನ್ನು ಡಿಸೆಂಬರಿಗೇ ಸೀಮಿತಗೊಳಿಸದೆ, ಏಪ್ರಿಲ್ ಬಿಸಿಲಿನಲ್ಲೂ ತಮ್ಮ ಬಳಗದ ಒಬ್ಬರನ್ನು ನಮ್ಮ ಚಿಲಕಕ್ಕೆ ನಿಯೋಜಿಸಬೇಕಾಗಿ ಕೋರುತ್ತೇನೆ. ಕೊಡೆ ಹಿಡಿಯುವ, ಐಸ್ ಇಡುವ ಜವಾಬ್ದಾರಿ ನನ್ನದು.

ತಮ್ಮ ನಿದ್ದೆಯ ಅಭಿಮಾನಿ ಹಾಗೂ ವಿಶ್ವಾಸಿ,
ಪಿಳ್ಳಪ್ಪ

ವಿ.ಸೂ.: ತಾವು ಸ್ವಲ್ಪವೂ ಜವಾಬ್ದಾರಿಯಿಲ್ಲದೆ ಬಿಟ್ಟುಹೋದ ಖಾಲಿ ಗೂಡು ಇಂದು ಗಾಳಿಗೆ ಕೆಳಗೆ ಬಿತ್ತು. ಯಾರೂ ನೋಡದಾಗ ಅದಕ್ಕೆ ಗೋಂದು ಹಚ್ಚಿ, ತಮಗಿಂತ ಭದ್ರವಾಗಿಯೇ ಚಿಲಕಕ್ಕೆ ಅಂಟಿಸಿದ್ದೇನೆ. ಒಳಗೆ ಇನ್ನೊಬ್ಬರು ಮಲಗಿದ್ದಾರೆಂದು ಎಲ್ಲರಿಗೂ ಹೇಳಿದೆ. ನಿಖಿತಾ ನಂಬಲಿಲ್ಲ. ಶಫಿಯವರು ಮಾತ್ರ ಬಂದು ನೋಡದೆಯೇ ನಂಬಿ, ಸ್ಟೂಲು ತಂದಿಟ್ಟರು.