ಪಕ್ಕಾ ನೀರು, ಎಂಟುನೂರು ಲೀಟರ್

ಹೊಳೆಯಲ್ಲಿ ನೀರಿದೆ ಎಂಬುದನ್ನು ಜಲಸಾರಿಗೆ ಕಚೇರಿ ಎಂದೂ ಅಲ್ಲಗಳೆದಿಲ್ಲ. ಆ ನೀರು ಕಚ್ಚಾ ಎಂಬುದಷ್ಟೇ ಅದರ ತಕರಾರು.

ಇಪ್ಪತ್ತು ಸೀಟಿನ ನಮ್ಮ ಬೋಟಿನ ಎಂಜಿನ್‌ಗೆ ಮೂವತ್ತಾರು ವರ್ಷ. ಹೊಳೆಯ ನೀರನ್ನೇ ಹೀರಿ, ಮೈ ತಂಪು ಮಾಡಿಕೊಂಡು, ಹಿಂದಿನಿಂದ ಉಗುಳುವ ಜಾತಿಯದು. ಒಂದು ದಿನ ಉಗುಳುವುದನ್ನು ಬಿಟ್ಟು ಹೊಗೆಯಾಡತೊಡಗಿತು. ಡ್ರೈವರಣ್ಣ ನೀರು ಹೀರುವ ಬಾಯಿಯ ಜಾಲರಿ ಬಿಚ್ಚಿ ನೋಡಿದ, ಕಸವಿಲ್ಲ. ಕೊಳವೆ ಊದಿ ನೋಡಿದ, ತೂತಿಲ್ಲ. ಪಂಪು ಬಿಚ್ಚಿದಾಗ ಕಳ್ಳ ಸಿಕ್ಕಿದ: ಒಳಗಿನ ರಬ್ಬರ್ ಚಕ್ರದ ಆರು ರೆಕ್ಕೆಗಳಲ್ಲಿ ಮೂರು ಮುರಿದಿದ್ದವು. ಮುರಿದ ಚೂರುಗಳನ್ನು ಕೊಳವೆಯ ತಿರುವಿನಿಂದ ಹೆಕ್ಕಿ ತೆಗೆದ. ಹೊಸ ಚಕ್ರ ಅವನ ಜೇಬಿನಲ್ಲೇ ಇತ್ತು. ಅವಸರವೂ ಇತ್ತು: ಹೆಂಡತಿ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು; ಬೋಟು ನಿಂತರೆ ಅವಳು ಅಲ್ಲೇ, ಇವನು ಇಲ್ಲೇ.

ಆದರೆ ಪಾಪ, ಅದನ್ನು ಕೂರಿಸಲು ಅನುಮತಿ ಕೇಳುವ ವರದಿಯಲ್ಲಿ ‘ಎಂಜಿನ್‌ಗೆ ಕಚ್ಚಾ ನೀರು ಬರುತ್ತಿಲ್ಲ’ ಎಂದು ಬರೆದುಬಿಟ್ಟ.

ಹೆಡ್ ಗುಮಾಸ್ತರು ಕನ್ನಡಕ ಇಳಿಸಿದರು. “ಇಷ್ಟು ವರ್ಷ ಕಚ್ಚಾ ನೀರಲ್ಲೇ ಓಡಿಸ್ತಿದ್ದೆಯಾ?”

“ಹೊಳೆ ನೀರು ಸಾರ್. ಹಾಗಂತಾರೆ ಅಷ್ಟೇ.”

“ಈ ಕಚೇರೀಲಿ ಕಚ್ಚಾ ಅಂದ್ರೆ ಸಹಿ ಆಗದೇ ಇರೋದು.”

“ಹೊಳೆಗೆ ಯಾರು ಸಹಿ ಹಾಕ್ತಾರೆ ಸಾರ್?”

“ಅದಕ್ಕೇ ಅದು ಕಚ್ಚಾ.”

ಸಂಜೆಯೊಳಗೆ ಸುತ್ತೋಲೆ ಬಂತು: ‘ಸದರಿ ಬೋಟು ಇನ್ನು ಮುಂದೆ ಪಕ್ಕಾ ನೀರನ್ನು ಮಾತ್ರ, ಪ್ರತಿ ಪ್ರಯಾಣಕ್ಕೆ ಎಂಟುನೂರು ಲೀಟರಿಗೆ ಕಡಿಮೆಯಿಲ್ಲದಂತೆ, ಒಯ್ಯತಕ್ಕದ್ದು. ಹೊಳೆಯ ನೀರು ಬೋಟಿನ ಹೊರಗಡೆ ಮಾತ್ರ ಇರತಕ್ಕದ್ದು.’

ಸೀಟು ಕಿತ್ತು ಟ್ಯಾಂಕು ಕೂರಿಸಿದರು. ಮೇಲಿಂದ ಪಕ್ಕಾ ನೀರು ತಾನಾಗಿ ಇಳಿದು ಎಂಜಿನ್ ತಣ್ಣಗೆ ಓಡಿತು. ಜನ ಕೂರಲು ಜಾಗವಿರಲಿಲ್ಲ. ಸುತ್ತೋಲೆಯಲ್ಲಿ ಜನರ ಪ್ರಸ್ತಾಪವೂ ಇರಲಿಲ್ಲ. ಹೀಗೆ ದಿನಕ್ಕೆ ಆರು ಸಲ ನೀರು ಹೊಳೆ ದಾಟಿ ಮರಳಿ ಬರುತ್ತಿತ್ತು.

ಹದಿನೇಳನೆಯ ದಿನವೂ ಆಚೆ ದಡದಲ್ಲಿ ನರ್ಸಮ್ಮ ಚೀಲ ಹಿಡಿದು ನಿಂತಿದ್ದಳು.

“ರೀ, ಬಂದ್ರಲ್ಲ, ಕರ್ಕೊಂಡು ಹೋಗಿ.”

“ಆಗಲ್ಲ ಕಣೇ. ಪೂರ್ತಿ ನೀರಿದೆ.”

“ನನ್ನೊಳಗಿರೋದೇನು, ಮಣ್ಣಾ?”

ಹೀಗೆ ಅಂದವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಆಮೇಲೆ ಅಲ್ಲೇ ಚೀಲದ ಮೇಲೆ ಕಾಗದವಿಟ್ಟು ಬರೆದಳು: ‘ವಯಸ್ಕರ ದೇಹದಲ್ಲಿ ಸುಮಾರು ನಲವತ್ತು ಲೀಟರ್ ನೀರಿರುತ್ತದೆ. ಇಪ್ಪತ್ತು ಜನಕ್ಕೆ ಎಂಟುನೂರು. ಪರೀಕ್ಷಿಸಿ ಸಹಿ ಮಾಡಿದ್ದೇನೆ.’

ಹೆಡ್ ಗುಮಾಸ್ತರು ಎರಡು ಸಲ ಗುಣಿಸಿ ನೋಡಿದರು. ಲೆಕ್ಕ ಸರಿಯಿತ್ತು. ಸಹಿಯೂ ಇತ್ತು, ಆದ್ದರಿಂದ ನೀರು ಪಕ್ಕಾ. ಅಂದೇ ಟ್ಯಾಂಕು ಇಳಿಯಿತು, ಸೀಟುಗಳು ಮರಳಿದವು. ಹಾಗಾದರೆ ಎಂಜಿನ್ ಯಾವ ನೀರಿನಿಂದ ತಣ್ಣಗಾಗಬೇಕು ಎಂದು ಯಾರೂ ಕೇಳಲಿಲ್ಲ. ಡ್ರೈವರಣ್ಣ ಜೇಬಿನ ಚಕ್ರವನ್ನು ಪಂಪಿಗೆ ಕೂರಿಸಿದ. ಅದು ಹೊಳೆಗೆ ಗೊತ್ತು, ಕಡತಕ್ಕೆ ಗೊತ್ತಿಲ್ಲ.

ಈಗ ಟಿಕೆಟಿನ ಮೇಲೆ ಲೀಟರೇ ಅಚ್ಚಾಗುತ್ತದೆ. “ಒಂದು ನಲವತ್ತು, ಒಂದು ಇಪ್ಪತ್ತು ಕೊಡಪ್ಪ” ಎಂದು ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಕೇಳುತ್ತಾರೆ. ಜನ ಕಡಿಮೆಯಿದ್ದ ದಿನ ಕೊರತೆಯ ನೀರನ್ನು ಬಂದವರಿಗೇ ಕುಡಿಸಿ ಬೋಟು ಬಿಡುತ್ತಾರೆ.

ಸೀಟು ಮರಳಿದ ಮೇಲಿನ ಮೊದಲ ಪ್ರಯಾಣದ ತಪಾಸಣೆಗೆ ಹೆಡ್ ಗುಮಾಸ್ತರೇ ಈಚೆ ದಡಕ್ಕೆ ಬಂದಿದ್ದರು. ನರ್ಸಮ್ಮ ಇಳಿದಳು. ಮನೆಯ ದಾರಿ ಕಂಡದ್ದೇ ಅವಳ ಕಣ್ಣು ತುಂಬಿ ಬಂತು.

“ನಿಲ್ಲಿ. ಸೋರ್ತಿದೆಯಲ್ಲಮ್ಮಾ?”

“ಹೂಂ ಸಾರ್. ಹದಿನೇಳು ದಿನ ಆಗಿತ್ತು.”

ಅವರು ಅವಳನ್ನು ನೋಡಿದರು, ಎಂಜಿನ್ ನಿಲ್ಲಿಸಿ ಮೂಗು ಒರೆಸಿಕೊಳ್ಳುತ್ತಿದ್ದ ಡ್ರೈವರಣ್ಣನನ್ನೂ ನೋಡಿದರು. ಪುಸ್ತಕ ತೆರೆದು ಬರೆದರು: ‘ಎರಡು ಕಡೆ ಅಲ್ಪ ಸೋರಿಕೆ. ನೀರು ಪಕ್ಕಾ. ದುರಸ್ತಿ ಬೇಡ.’ ಕೆಳಗೆ ಸಹಿ ಹಾಕಿದರು.

ಅಂದಿನಿಂದ ದಡದಲ್ಲಿ ಯಾರೇ ಅತ್ತರೂ, ಮೊದಲು ಹೋಗಿ ಪುಸ್ತಕದಲ್ಲಿ ಬರೆಸಿಯೇ ಕಣ್ಣೊರೆಸಿಕೊಳ್ಳುತ್ತಾರೆ.