ವಿಮಾನದ ಬಾಗಿಲಲ್ಲಿ ಮೂಗು ನೋಡುವ ಮಹನೀಯರಿಗೆ

ಮಾನ್ಯರೇ, ನಮ್ಮ ಪುಟ್ಟ ದ್ವೀಪದ ವಿಮಾನ ನಿಲ್ದಾಣದ ದೊರೆಗಳೇ, ನನ್ನ ಸ್ವಂತ ಅಣ್ಣನ ಮಗನೂ ಆಗಿರುವ ಜನಾಬ್ ಶಾಮಿಲ್ ಅವರೇ,

ತಮ್ಮ ಸಮವಸ್ತ್ರದ ಇಸ್ತ್ರಿಗೆ ಈ ಅತ್ತೆಯ ಸಲಾಂ ಮೊದಲು ಸಲ್ಲಲಿ.

ಅತಿಥಿಗಳನ್ನು ಕಡಲಾಳಕ್ಕೆ ಕರೆದೊಯ್ದು ಹವಳ ತೋರಿಸುವ ನನ್ನ ಕೆಲಸವನ್ನು ತಾವು ಬಲ್ಲಿರಿ. ಇಳಿಯುವಾಗ ಮಾಸ್ಕಿನೊಳಕ್ಕೆ ಮೂಗಿನಿಂದ ಗಾಳಿ ಬಿಡಲು ಮರೆತರೆ ಎರಡು ಹನಿ ರಕ್ತ ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಮ್ಮವರು ಮೂಗೊರೆಸಿಕೊಂಡು ಚಹಾ ಕುಡಿಯುತ್ತಾರೆ. ರಾಜಧಾನಿ ಮಾಲೆಯ ಆಸ್ಪತ್ರೆಗೆ ಚೊಚ್ಚಲ ಹೆರಿಗೆಗೆಂದು ಸೇರಿದ್ದ ಮಗಳು ರಿಶ್ಫಾ, “ಅಮ್ಮಾ, ನೀನು ಬರೋವರೆಗೂ ತಡ್ಕೋತೀನಿ” ಎಂದು ಫೋನಿನಲ್ಲಿ ಅತ್ತರೂ, ಮುಳುಗಿ ಎದ್ದ ಮೈ ಕೂಡಲೇ ಆಕಾಶಕ್ಕೇರಬಾರದು, ರಕ್ತದಲ್ಲಿ ಕರಗಿದ ಗಾಳಿ ಮೇಲೆ ಹೋದಾಗ ಗುಳ್ಳೆಯೇಳುತ್ತದೆ ಎಂಬ ಕಾರಣಕ್ಕೆ ಒಂದು ಹಗಲು ಒಂದು ರಾತ್ರಿ ಹಲ್ಲು ಕಚ್ಚಿಕೊಂಡು ನೆಲದ ಮೇಲೆ ಕಳೆದು, ಆಮೇಲೆಯೇ ತಮ್ಮ ಸನ್ನಿಧಿಗೆ ಬಂದೆ.

ಆಗ ತಮ್ಮ ಹದ್ದಿನ ಕಣ್ಣು ನನ್ನ ಕರವಸ್ತ್ರದ ಒಣಗಿದ ಕಲೆಯ ಮೇಲೆ ಬಿತ್ತು. “ಅತ್ತೆ, ಮನೇಲಿ ನಾನು ಅಳಿಯ, ಇಲ್ಲಿ ಆಫೀಸರು. ರಕ್ತ ಅಂದ್ರೆ ರಕ್ತಾನೇ, ಪಕ್ಕಕ್ಕೆ ನಿಂತ್ಕೊಳ್ಳಿ, ನಾಳೆ ವಿಮಾನಕ್ಕೆ ಹೋದ್ರಾಯ್ತು” ಎಂದಿರಿ. ನಾನೇ ಮೀನಿನ ತುತ್ತಿಟ್ಟು ಬೆಳೆಸಿದ ಬಾಯಿಂದ ಇಂಥ ನ್ಯಾಯ ಹೊರಟದ್ದು ಕಂಡು ಧನ್ಯಳಾದೆ. ಅದೇ ಗಳಿಗೆಯಲ್ಲಿ, ಹವಳ ನೋಡಲು ಮುಳುಗುವವರ ದೋಣಿಯಿಂದ ನೇರವಾಗಿ ಬಂದಿದ್ದ, ತಲೆಗೂದಲಿನ ನೀರೂ ಆರದ ಅತಿಥಿಯೊಬ್ಬರಿಗೆ ನಡು ಬಗ್ಗಿಸಿ ದಾರಿ ಬಿಟ್ಟಿರಿ. “ಈಗ ತಾನೇ ಮುಳುಗಿ ಬಂದಿದಾರೆ ಕಣೋ, ಅವರನ್ನ ಹತ್ತಿಸ್ಬೇಡ” ಎಂದು ನಾನೆಂದರೆ, “ಅವರ ಮೂಗು ಚೆನ್ನಾಗೇ ಇದೆಯಲ್ಲ” ಎಂದ ತಮ್ಮ ವೈದ್ಯಜ್ಞಾನಕ್ಕೆ ಯಾವ ಪದವಿ ಕೊಟ್ಟರೂ ಕಡಿಮೆಯೇ.

ಆದ್ದರಿಂದ ನನ್ನ ವಿನಮ್ರ ಕೋರಿಕೆಯೇನೆಂದರೆ, ಅಪಾಯಗಳೆಲ್ಲ ಇನ್ನು ಮುಂದೆ ಕೆಂಪಗೆ, ಮೂಗಿನ ತುದಿಯಲ್ಲೇ ಕಾಣಿಸಿಕೊಳ್ಳತಕ್ಕದ್ದೆಂದು ತಾವು ಸಮುದ್ರಕ್ಕೊಂದು ಆಜ್ಞೆ ಹೊರಡಿಸಬೇಕು. ಹೆರಿಗೆ ನೋವಿಗೂ ಮರುದಿನದ ವಿಮಾನ ಬರುವವರೆಗೆ ಕಾಯುವಂತೆ ತಾಕೀತು ಮಾಡಬೇಕು. ಮೊನ್ನೆ ಅದು ಕಾಯಲಿಲ್ಲ. ನನ್ನ ಮಗಳು ಯಾರೋ ದಾದಿಯ ಕೈ ಹಿಡಿದುಕೊಂಡು ಹೆತ್ತಳು. ನಾನು ತಮ್ಮ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಮೊಮ್ಮಗಳ ಅಳು ಕೇಳಿದೆ. ಈ ಸಿಟ್ಟು ಸಾಯುವವರೆಗೂ ನನಗೆ ಇಳಿಯುವುದಿಲ್ಲ.

ತಮ್ಮ ವಿಶ್ವಾಸಿ,
(ತಮಗೆ ಹಿಡಿಸದಿದ್ದರೂ ರಕ್ತಸಂಬಂಧಿ)
ಹವ್ವಾ ನಶೀದಾ

ವಿ.ಸೂ.: ಆ ಅತಿಥಿ ವಿಮಾನದಲ್ಲೇ ಕಾಲುಗಳು ಮರಗಟ್ಟಿ, ಈಗ ಮಾಲೆಯ ಅದೇ ಆಸ್ಪತ್ರೆಯಲ್ಲಿ, ರಕ್ತದ ಗುಳ್ಳೆ ಕರಗಿಸುವ ಒತ್ತಡದ ಕೋಣೆಯಲ್ಲಿ ಮಲಗಿದ್ದಾರೆ. ಮೊಮ್ಮಗಳನ್ನು ನೋಡಲು ಹೋದವಳು ಅವರನ್ನೂ ಕಂಡು ಬಂದೆ. ಎದ್ದು ನಡೆಯುವುದು ಯಾವಾಗಲೋ ವೈದ್ಯರಿಗೇ ತಿಳಿಯದು. ತಮ್ಮ ತಪಾಸಣೆಯಲ್ಲಿ ಮಾತ್ರ ಯಾವ ಲೋಪವೂ ಇಲ್ಲ, ಮೂಗು ಇನ್ನೂ ಚೆನ್ನಾಗೇ ಇದೆ.