ಅಟ್ಟದ ಕಾಯಿಗೊಂದು ವೆಬ್‌ಪುಟ

ನಾನು ಸಿಟ್ಟಿನ ಮನುಷ್ಯನಲ್ಲ. (ಹೆಂಡತಿಯನ್ನು ಕೇಳಬೇಡಿ.) ಆದರೆ ತಿಪಟೂರಿನ ಕಂಪ್ಯೂಟರ್ ಸೆಂಟರಿನಲ್ಲಿ ನಲವತ್ತು ಹುಡುಗರಿಗೆ ವೆಬ್‌ಸೈಟ್ ಕಟ್ಟುವುದನ್ನು ಕಲಿಸುವ ನನಗೆ, ಅದೂ ಎರಡು ಸಾವಿರದ ಐದನೇ ಇಸವಿಯಲ್ಲಿ, ಸ್ವಂತ ಮನೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲ ಎಂದರೆ ಮೈ ಉರಿಯದೆ ಇರುತ್ತದೆಯೇ?

ಜಗಳ ಶುರುವಾದದ್ದು ಅಟ್ಟದಿಂದ. ನಮ್ಮ ಕಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂತು ಒಳಗೊಳಗೇ ಒಣಗಬೇಕು. ಯಾವ ರಾಶಿ ಯಾವತ್ತು ಅಟ್ಟ ಹತ್ತಿತು ಅಂತ ಮನೆಯ ಕಂಪ್ಯೂಟರಿನಲ್ಲಿ ಒಂದು ವೆಬ್‌ಪುಟ ಮಾಡಿ ತಾರೀಖು ಸಮೇತ ಬರೆದಿಟ್ಟಿದ್ದೆ. ಹೆಂಡತಿ ಗಿರಿಜಾಂಬಿಕಾ ಅದನ್ನು ನೋಡಿ ಮೂಗು ಮುರಿದಳು.

"ಇದೇನ್ರೀ ೧೨-೦೮-೨೦೦೪? ಬಸ್ ಟಿಕೆಟ್ ನಂಬರ್ ಇದ್ದಂಗೈತೆ. ಅಟ್ಟ ಹತ್ತಿ ಎಷ್ಟು ದಿನ ಆಯ್ತು ಅಂತ ಹೇಳಕ್ಕಾಗಲ್ವಾ ನಿಮ್ ಕಂಪ್ಯೂಟ್ರಿಗೆ?"

ಆಗಲ್ವಾ ಅಂತೆ! ಎರಡು ಭಾನುವಾರ ಊಟ ಬಿಟ್ಟು (ತಿಂಡಿ ಬಿಡಲಿಲ್ಲ) ಪ್ರೋಗ್ರಾಂ ಬರೆದೆ. ಇವತ್ತಿನ ತಾರೀಖಿನಿಂದ ಹಳೇ ತಾರೀಖು ಕಳೆ. ವಾರದೊಳಗಿದ್ದರೆ 'ಮೂರು ದಿನದ ಹಿಂದೆ', ತಿಂಗಳು ದಾಟಿದರೆ 'ಎರಡು ತಿಂಗಳ ಹಿಂದೆ', ಅರ್ಧ ವರ್ಷ ದಾಟಿತೋ, 'ಒಂದು ವರ್ಷದ ಹಿಂದೆ'. ಅರ್ಧಕ್ಕಿಂತ ಹೆಚ್ಚಾದದ್ದನ್ನು ಪೂರ್ತಿ ಅಂತ ಎಣಿಸುವುದು ಗಣಿತಶಾಸ್ತ್ರದ ಸನಾತನ ಸಂಪ್ರದಾಯ, ನಾನು ಕಂಡುಹಿಡಿದದ್ದಲ್ಲ.

ಮಾರ್ಚಿನಲ್ಲಿ ತಂಗಿ ಇಂಪನಾಳ ಮದುವೆ ಬಂತು. ಅವಳ ಮಡಿಲು ತುಂಬಲು ಐದು ಗಿಟುಕು, ಅಂದರೆ ಒಡೆಯದ ಇಡೀ ಉಂಡೆ ಕೊಬ್ಬರಿ ಬೇಕು, ಅದೂ ನಮ್ಮ ಅಟ್ಟದ್ದೇ ಆಗಬೇಕು. ತೋಟ ಇಟ್ಟುಕೊಂಡವರು ಮನೆಮಗಳ ಮಡಿಲಿಗೆ ಕಂಡವರ ಕೊಬ್ಬರಿ ಹಾಕಿದರೆ ಬೀಗರ ಮುಂದೆ ತಲೆ ಎತ್ತುವ ಹಾಗಿಲ್ಲ. ಅಟ್ಟದಲ್ಲಿ ಎರಡು ರಾಶಿಯಿತ್ತು. ವೆಬ್‌ಪುಟದಲ್ಲಿ ಎರಡಕ್ಕೂ 'ಒಂದು ವರ್ಷದ ಹಿಂದೆ' ಅಂತಲೇ ಇತ್ತು. ಯಾವುದಾದರೇನು ಅಂತ ಏಣಿಯ ಪಕ್ಕದ್ದನ್ನು ಮಾರುಕಟ್ಟೆಗೆ ಸಾಗಿಸಿದೆ.

ಮದುವೆಗೆ ಎರಡು ದಿನ ಇರುವಾಗ ಉಳಿದ ರಾಶಿ ಸುಲಿಯಲು ತೋಟದ ಆಳು ಕರಿಯಪ್ಪ ಮಚ್ಚು ಹಿಡಿದು ಬಂದ. ಗಿರಿಜಾ ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದಳು.

"ರೀ, ಇದ್ರಲ್ಲಿ ನೀರೈತೆ. ನೀವು ಹಳೇ ರಾಶಿ ಮಾರ್ಬುಟ್ರಿ ಕಣ್ರೀ!"

"ಒಂದು ವರ್ಷ ಅಂತ ಕಂಪ್ಯೂಟರ್ ಹೇಳ್ತೈತೆ!"

"ಕಂಪ್ಯೂಟ್ರು ಅಟ್ಟ ಹತ್ತಿ ನೋಡಿತ್ತಾ?"

"ನಿನ್ ಕಿವೀಲೇನು ಎಕ್ಸ್‌ರೇ ಐತಾ? ಕರಿಯಪ್ಪ, ಒಡಿಯೋ!"

"ಅಕ್ಕಾರು ಹೇಳೋದೇ ಸರಿ ಅನ್ಸುತ್ತೆ, ಸಾ..."

"ಒಡೀ ಅಂದೆ!"

ಒಡೆದ. ನೀರು ಅವನ ಪಂಚೆ ಮೇಲೆ ಚೆಲ್ಲಿತು. ಒಂದು ಕೆಟ್ಟದ್ದಿರಬಹುದು, ಮುಂದಿನದು ಒಡೀ ಎಂದೆ. ಅದರಲ್ಲೂ ನೀರು. ಸಿಟ್ಟು ನೆತ್ತಿಗೇರಿತು, ಇನ್ನೊಂದು, ಮತ್ತೊಂದು ಅಂತ ಅರವತ್ತೆರಡು ಕಾಯಿ ಒಡೆಸಿದೆ. ಗಿಟುಕು ಒಂದೂ ಇಲ್ಲ. ಒಳಗೆ ಎಳ್ಳು ಹುರಿಯುತ್ತಿದ್ದ ಅಮ್ಮ ಬಾಗಿಲಿಗೆ ಬಂದು ನೋಡಿದಳು.

"ಅದು ವರಮಾಲಕ್ಷ್ಮಿ ಹಬ್ಬದ ಮುಂಚೆ ಹತ್ಸಿದ್ದು ಕಣಪ್ಪ. ಈಗಿನ್ನೂ ಏಳ್ ತಿಂಗ್ಳು. ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

ಯಾರನ್ನೂ ಕೇಳಬಾರದು ಅಂತಲೇ ಅಲ್ಲವೇ ನಾನು ಪ್ರೋಗ್ರಾಂ ಬರೆದದ್ದು! ಕೊನೆಗೆ ಕೈಚೀಲ ಹಿಡಿದು ಪಕ್ಕದ ಮನೆ ಚಿಕ್ಕಗೌರಮ್ಮನ ಬಾಗಿಲಿಗೆ ಹೋದೆ. ಆಕೆ ಐದು ಗಿಟುಕು ಕೊಟ್ಟಳು. ಜೊತೆಗೆ ಮದುವೆಗೂ ಬಂದಳು, ರೇಷ್ಮೆ ಸೀರೆ ಉಟ್ಟುಕೊಂಡು. ಮಡಿಲು ತುಂಬುವಾಗ ಬೀಗಿತ್ತಿಯ ಪಕ್ಕವೇ ನಿಂತು, "ಎಂಗವೆ ನೋಡ್ರವ್ವ ನಮ್ಮನೆ ಗಿಟುಕು!" ಎಂದಳು. ಇಡೀ ಚಪ್ಪರ ನನ್ನ ಕಡೆ ತಿರುಗಿತು.

ಹೊರಡುವಾಗ ಇಂಪನಾ ಎಲ್ಲರನ್ನೂ ತಬ್ಬಿ ಅತ್ತಳು. ಕೊನೆಗೆ ನನ್ನ ಹತ್ತಿರವೂ ಬಂದಳು. ಏನೇ ಆಗಲಿ, ಒಡಹುಟ್ಟಿದವಳು, ಅವಳಿಗಾದರೂ ನನ್ನ ಮೇಲೆ ಕೋಪವಿಲ್ಲವಲ್ಲ ಅಂದುಕೊಂಡೆ. ಅವಳು ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು:

"ಅಣ್ಣಾ, ಮುಂದೆ ನನ್ನ ಬಾಣಂತನಕ್ಕೆ ಕರ್ಕೊಂಡ್ ಬರೋ ತಿಂಗಳನ್ನಾದ್ರೂ ಅತ್ಗೆ ಕೈಲಿ ಲೆಕ್ಕ ಹಾಕ್ಸೋ."